ಇದರ ಮೇಲೂ ಪಿಎಚ್‌ಡಿ ಮಾಡ್ತಾರಾ?

ಘಟಿಕೋತ್ಸವದ ಆಸುಪಾಸಿನಲ್ಲಿ ಪತ್ರಿಕೆಗಳ ಜಿಲ್ಲಾ ಪುಟದಲ್ಲಿ ಒಂದು ಚಿಕ್ಕ ಸುದ್ದಿ ಇದ್ದೇ ಇರುತ್ತದೆ. ಪಾಸ್‌ಪೋರ್ಟ್ ಸೈಜಿನ ಫೋಟೊ, ಗೈಡ್ ಹೆಸರು, ಮಹಾಪ್ರಬಂಧದ ಶೀರ್ಷಿಕೆ. ವಿಷಯ ಒಂದು ತಾಲ್ಲೂಕಿನ ಸಂತೆ ಇರಬಹುದು, ರೇಷ್ಮೆ ಹುಳುವಿನ ರೋಗ ಇರಬಹುದು, ಬೀಡಿ ಕಟ್ಟುವ ಹೆಂಗಸರ ಕೂಲಿ ಇರಬಹುದು. ಓದಿದವರಲ್ಲಿ ಒಬ್ಬರಾದರೂ ನಕ್ಕು ಕೇಳುತ್ತಾರೆ: 'ಇದರ ಮೇಲೂ ಪಿಎಚ್‌ಡಿ ಮಾಡ್ತಾರಾ?'

ಮಾಡುತ್ತಾರೆ. ಆದರೆ ಮೊದಲು ಮಾಡುತ್ತಿರಲಿಲ್ಲ. ಏನು ಬದಲಾಯಿತು ಅನ್ನುವುದೇ ಇಲ್ಲಿನ ಕಥೆ. ವಿಷಯಗಳು ತಾವಾಗಿಯೇ ಹೆಚ್ಚಲಿಲ್ಲ. ವಿಶ್ವವಿದ್ಯಾಲಯದ ಬಾಗಿಲು ದಾಟಿ ಬಂದವರು ಬದಲಾದರು, ಅವರ ಜೊತೆಗೆ ವಿಷಯಗಳೂ ಬಂದವು.

ಮೈಸೂರು ವಿಶ್ವವಿದ್ಯಾಲಯ ಶುರುವಾಗಿದ್ದು 1916ರಲ್ಲಿ. ಬ್ರಿಟಿಷರ ನೇರ ಆಡಳಿತದ ಹೊರಗೆ ಹುಟ್ಟಿದ ದೇಶದ ಮೊದಲ ವಿಶ್ವವಿದ್ಯಾಲಯ ಅದು. ಅಲ್ಲಿ ಕನ್ನಡ ಎಂ.ಎ. ತರಗತಿ ಬಂದದ್ದು ಮಾತ್ರ 1927ರಲ್ಲಿ. ಅಂದರೆ ಕನ್ನಡ ನಾಡಿನ ವಿಶ್ವವಿದ್ಯಾಲಯದಲ್ಲಿ ಕನ್ನಡವನ್ನು ಎಂ.ಎ. ಮಟ್ಟದಲ್ಲಿ ಓದಲು ಹನ್ನೊಂದು ವರ್ಷ ಕಾಯಬೇಕಾಯಿತು. ಮೊದಲ ತಂಡದಲ್ಲಿ ಡಿ.ಎಲ್. ನರಸಿಂಹಾಚಾರ್ ಇದ್ದರು, ಕುವೆಂಪು ಇದ್ದರು. ಅದಕ್ಕಿಂತ ಮೇಲೆ ಓದಬೇಕು ಅಂದವರು ಊರು ಬಿಡಬೇಕಿತ್ತು. ಎ.ಎನ್. ನರಸಿಂಹಯ್ಯ ಲಂಡನ್ನಿಗೆ ಹೋಗಿ ಹಳೆಯ ಕನ್ನಡ ಶಾಸನಗಳ ವ್ಯಾಕರಣದ ಮೇಲೆ ಕೆಲಸ ಮಾಡಿದರು. ಜಿ.ಎಸ್. ಗಾಯಿ ಪುಣೆಯ ಡೆಕ್ಕನ್ ಕಾಲೇಜಿನಲ್ಲಿ ಎಂಟರಿಂದ ಹತ್ತನೇ ಶತಮಾನದ ಶಾಸನಗಳ ಭಾಷೆಯನ್ನು ಬಿಡಿಸಿ ನೋಡಿದರು. ಇಬ್ಬರೂ ಬರೆದದ್ದು ಇಂಗ್ಲಿಷಿನಲ್ಲಿ. ವಿಷಯ ಕನ್ನಡದ್ದು, ಅದನ್ನು ಒಪ್ಪಿಸಬೇಕಾದ ಜಾಗ ಬೇರೆಯವರದು.

ವಿಜ್ಞಾನದ ಕಡೆ ವಿಷಯ ಆರಿಸುತ್ತಿದ್ದುದು ಬಹಳ ಸಲ ಕಾಲದ ಒತ್ತಡ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ, ನಮ್ಮ ಮಾತಿನ ಟಾಟಾ ಇನ್‌ಸ್ಟಿಟ್ಯೂಟಿನಲ್ಲಿ, ಆರಂಭದ ವರ್ಷಗಳಲ್ಲೇ ಶ್ರೀಗಂಧದ ಎಣ್ಣೆ ಸಂಶೋಧನೆಯ ವಿಷಯವಾಯಿತು. ಕಾರಣ ಮೊದಲ ಮಹಾಯುದ್ಧ. ಮೈಸೂರಿನ ಗಂಧದ ಮರ ಜರ್ಮನಿಗೆ ಹೋಗಿ ಅಲ್ಲಿ ಎಣ್ಣೆಯಾಗುತ್ತಿತ್ತು. ಯುದ್ಧ ಬಂದು ಆ ದಾರಿ ಮುಚ್ಚಿತು, ಮರ ಇಲ್ಲೇ ಉಳಿಯಿತು. ಸಂಸ್ಥೆಯ ರಸಾಯನ ವಿಜ್ಞಾನಿಗಳಾದ ಸಡ್‌ಬರೋ ಮತ್ತು ವ್ಯಾಟ್ಸನ್ ಇಲ್ಲೇ ಎಣ್ಣೆ ತೆಗೆಯುವ ವಿಧಾನ ಕಂಡುಕೊಂಡರು. 1916ರ ಹೊತ್ತಿಗೆ ಸರ್ಕಾರದ ಗಂಧದೆಣ್ಣೆ ಕಾರ್ಖಾನೆಯೇ ಶುರುವಾಯಿತು.

ಆದರೆ ಅಲ್ಲೂ ಬಾಗಿಲು ಎಲ್ಲರಿಗೂ ತೆರೆದಿರಲಿಲ್ಲ. 1933ರಲ್ಲಿ ಕಮಲಾ ಭಾಗವತ್ ಅರ್ಜಿ ಹಾಕಿದಾಗ ಸಂಸ್ಥೆಯ ಆಗಿನ ನಿರ್ದೇಶಕ ಸಿ.ವಿ. ರಾಮನ್ ಆಗಲ್ಲ ಎಂದರು. ಹೆಣ್ಣು ಅನ್ನುವುದೇ ಕಾರಣ. ಆಕೆ ಬಿಡಲಿಲ್ಲ. ಕೊನೆಗೆ ಒಂದು ವರ್ಷ ನೋಡೋಣ ಅನ್ನುವ ಷರತ್ತಿನ ಮೇಲೆ ಒಳಗೆ ಬಿಟ್ಟರು. ಆಕೆ ಎತ್ತಿಕೊಂಡ ವಿಷಯ ಹಾಲು ಮತ್ತು ಬೇಳೆಕಾಳುಗಳ ಪ್ರೋಟೀನು. ನಂತರ ಕೇಂಬ್ರಿಜ್‌ಗೆ ಹೋಗಿ 1939ರಲ್ಲಿ ಡಾಕ್ಟರೇಟ್ ಪಡೆದರು. ಮುಂದೆ ಕಮಲಾ ಸೊಹೊನಿ ಎಂದು ಹೆಸರಾದದ್ದು ಇವರೇ.

ಅನ್ನಾ ಮಣಿ ಅವರದು ಇನ್ನೂ ಕಹಿ ಕಥೆ. ರಾಮನ್ ಅವರ ಪ್ರಯೋಗಾಲಯದಲ್ಲೇ ವಜ್ರ, ಮಾಣಿಕ್ಯಗಳ ಮೇಲೆ ಬೆಳಕು ಬಿಟ್ಟು ವರ್ಷಗಟ್ಟಲೆ ಕೆಲಸ ಮಾಡಿದರು. ಆಗ ಈ ಸಂಸ್ಥೆಗೆ ಸ್ವಂತವಾಗಿ ಪದವಿ ಕೊಡುವ ಅಧಿಕಾರ ಇರಲಿಲ್ಲ. ಅದು ಬಂದದ್ದು 1958ರಲ್ಲಿ ವಿಶ್ವವಿದ್ಯಾಲಯದ ಮಾನ್ಯತೆ ಸಿಕ್ಕ ಮೇಲೆ. ಹಾಗಾಗಿ 1945ರಲ್ಲಿ ಪ್ರಬಂಧ ಹೋದದ್ದು ಮದ್ರಾಸ್ ವಿಶ್ವವಿದ್ಯಾಲಯಕ್ಕೆ. ನಿಮಗೆ ಎಂ.ಎಸ್ಸಿ. ಇಲ್ಲ ಎಂದು ಅವರು ಪಿಎಚ್‌ಡಿ ಕೊಡಲಿಲ್ಲ. ಕೆಲಸ ಚೆನ್ನಾಗಿಲ್ಲ ಎಂದಲ್ಲ, ಕಾಗದ ಇಲ್ಲ ಎಂದು! ಆಕೆ ಹವಾಮಾನ ಇಲಾಖೆಗೆ ಹೋದರು. ದೇಶದ ಹವಾಮಾನ ಉಪಕರಣಗಳಿಗೆ ಅಡಿಪಾಯ ಹಾಕಿದವರಲ್ಲಿ ಒಬ್ಬರಾದರು.

ಇತ್ತ ಸಮಾಜ ವಿಜ್ಞಾನದಲ್ಲಿ ಒಂದು ದೊಡ್ಡ ತಿರುವು ಬಂದದ್ದು ಒಂದು ಎಂ.ಎ. ಪ್ರಬಂಧದಿಂದ. ಮೈಸೂರಿನ ಎಂ.ಎನ್. ಶ್ರೀನಿವಾಸ್ ಬೊಂಬಾಯಿಗೆ ಹೋಗಿ ಸಮಾಜಶಾಸ್ತ್ರಜ್ಞ ಜಿ.ಎಸ್. ಘುರ್ಯೆ ಅವರ ಬಳಿ ಸೇರಿದರು. ಆರಿಸಿಕೊಂಡ ವಿಷಯ ಮೈಸೂರು ಸೀಮೆಯ ಕನ್ನಡ ಜಾತಿಗಳ ಮದುವೆ ಮತ್ತು ಕುಟುಂಬ. ಧಾರೆ, ನಂಟಸ್ತನ, ಶಾಸ್ತ್ರ, ಹಾಡು. ಇದರಲ್ಲಿ ಸಂಶೋಧನೆ ಮಾಡುವುದೇನಿದೆ ಅಂತ ಮನೆಯ ಅಜ್ಜಿಯರು ಕೇಳಬಹುದಾದ ವಿಷಯ, ಅಲ್ವಾ? 1942ರಲ್ಲಿ ಅದು ಪುಸ್ತಕವೂ ಆಯಿತು.

ಆಮೇಲೆ ಅವರು ಹಿಡಿದದ್ದು ಕೊಡವರನ್ನು. ಇಲ್ಲಿ ಗಮನಿಸಬೇಕಾದ ಸಂಗತಿ ಇದೆ. ಕೊಡಗಿನ ಮಾಹಿತಿ ಇಟ್ಟುಕೊಂಡು ಬೊಂಬಾಯಿಯಲ್ಲಿ ಒಂದು ಪಿಎಚ್‌ಡಿ ಪ್ರಬಂಧ ಬರೆದರು. ನಂತರ ಆಕ್ಸ್‌ಫರ್ಡಿಗೆ ಹೋಗಿ, ಅದೇ ಮಾಹಿತಿಯನ್ನು ಮತ್ತೆ ಹರವಿಕೊಂಡು, ಇನ್ನೊಂದು ಡಾಕ್ಟರೇಟ್ ಪ್ರಬಂಧ ಬರೆದರು. ಮೊದಲನೆಯದು ಏನೇನಿದೆ ಎಂದು ಹೇಳಿತ್ತು. ಎರಡನೆಯದು ಈ ಆಚರಣೆ ಇಡೀ ಸಮಾಜವನ್ನು ಹೇಗೆ ಹಿಡಿದಿಡುತ್ತದೆ ಎಂದು ಕೇಳಿತು. ಅದರಿಂದ 1952ರಲ್ಲಿ ಬಂದ ಪುಸ್ತಕದಲ್ಲೇ 'ಸಂಸ್ಕೃತೀಕರಣ'ದ, ಅಂದರೆ ಕೆಳಗಿನ ಜಾತಿಗಳು ಮೇಲಿನವರ ಆಚಾರಗಳನ್ನು ಅನುಸರಿಸಿ ಮೇಲೇರಲು ನೋಡುವುದರ, ಚರ್ಚೆ ಇರುವುದು. ವಿಷಯ ಬದಲಾಗಲಿಲ್ಲ, ಪ್ರಶ್ನೆ ಬದಲಾಯಿತು. ಶೀರ್ಷಿಕೆ ನೋಡಿ ನಗುವವರು ತಪ್ಪಿಸಿಕೊಳ್ಳುವುದು ಇದನ್ನೇ.

ಕನ್ನಡದಲ್ಲಿ ಇಂಥದ್ದೇ ಪ್ರಶ್ನೆಯ ಬದಲಾವಣೆ ತಂದವರು ಎಂ. ಚಿದಾನಂದಮೂರ್ತಿ. ಮೈಸೂರು ಸೀಮೆಯ ಶಾಸನಗಳನ್ನು ಕಲೆಹಾಕಿ ಅಚ್ಚು ಹಾಕಿಸಿದ ಬಿ.ಎಲ್. ರೈಸ್ ಅವರ ಕಾಲದಿಂದ ಶಾಸನ ಓದುವುದೆಂದರೆ ಮುಖ್ಯವಾಗಿ ರಾಜರ ಸಾಲು, ಯುದ್ಧ, ತಾರೀಖು. 1964ರಲ್ಲಿ ಪಿಎಚ್‌ಡಿ ಪಡೆದ ಅವರ 'ಕನ್ನಡ ಶಾಸನಗಳ ಸಾಂಸ್ಕೃತಿಕ ಅಧ್ಯಯನ' ಕ್ರಿ.ಶ. 450ರಿಂದ 1150ರವರೆಗಿನ ಶಾಸನಗಳನ್ನು ಹಿಡಿದು ಜನ ಹೇಗೆ ಬದುಕಿದರು ಎಂದು ಕೇಳಿತು. ಏನು ಓದುತ್ತಿದ್ದರು, ಯಾರನ್ನು ಪೂಜಿಸುತ್ತಿದ್ದರು, ಯಜಮಾನನಿಗಾಗಿ ಯಾಕೆ ಪ್ರಾಣ ಕೊಡುತ್ತಿದ್ದರು. ಊರಾಚೆ ಬಿದ್ದಿದ್ದ ವೀರಗಲ್ಲು ದಾಖಲೆಯಾಗಿ ಮುಂದೆ ಬಂತು. ಅದೂ ಕನ್ನಡದಲ್ಲೇ ಬರೆದ ಮಹಾಪ್ರಬಂಧದಲ್ಲಿ.

60ರ ದಶಕದಲ್ಲಿ ನಮ್ಮ ಸಾಹಿತಿಗಳೂ ಪ್ರಬಂಧ ಬರೆಯುತ್ತಿದ್ದರು. ಜಿ.ಎಸ್. ಶಿವರುದ್ರಪ್ಪ ಕುವೆಂಪು ಮಾರ್ಗದರ್ಶನದಲ್ಲಿ ಸೌಂದರ್ಯದ ಬಗ್ಗೆ, ಎಸ್.ಎಲ್. ಭೈರಪ್ಪ ಬರೋಡಾದಲ್ಲಿ ಸತ್ಯ ಮತ್ತು ಸೌಂದರ್ಯದ ಬಗ್ಗೆ, ಯು.ಆರ್. ಅನಂತಮೂರ್ತಿ ಬರ್ಮಿಂಗ್‌ಹ್ಯಾಮಿನಲ್ಲಿ 1930ರ ದಶಕದ ಕಾದಂಬರಿ ಮತ್ತು ರಾಜಕೀಯದ ಬಗ್ಗೆ.

ಹಳ್ಳಿಯ ಹಾಡು ವಿಶ್ವವಿದ್ಯಾಲಯದ ಒಳಗೆ ಬಂದದ್ದು ಹೆಚ್ಚಾಗಿ ಧಾರವಾಡದ ಬಾಗಿಲಿನಿಂದ. ಕರ್ನಾಟಕ ವಿಶ್ವವಿದ್ಯಾಲಯದಲ್ಲಿ ಬಿ.ಎಸ್. ಗದ್ದಗಿಮಠ ಅವರು ಜನಪದ ಗೀತೆಗಳ ಮೇಲೆ ಪಿಎಚ್‌ಡಿ ಪಡೆದರು. ಕನ್ನಡ ಜಾನಪದಕ್ಕೆ ಸಿಕ್ಕ ಮೊದಲ ಡಾಕ್ಟರೇಟ್ ಎಂದು ಅದನ್ನು ನೆನೆಯುತ್ತಾರೆ. ಬೀಸುವ ಕಲ್ಲಿನ ಮುಂದಿನ ಹಾಡಿಗೆ ಅಡಿಟಿಪ್ಪಣಿ ಬಂತು. ಅಲ್ಲೇ ಚಂದ್ರಶೇಖರ ಕಂಬಾರರು ಉತ್ತರ ಕರ್ನಾಟಕದ ಜನಪದ ರಂಗಭೂಮಿಯನ್ನು ಹಿಡಿದರು. ಕರಾವಳಿಯಲ್ಲಿ ಬಿ.ಎ. ವಿವೇಕ ರೈ ತುಳು ಜನಪದ ಸಾಹಿತ್ಯವನ್ನು ಎತ್ತಿಕೊಂಡರು. ಪಾಡ್ದನ ಎಂಬ ತುಳು ಕಥನ ಹಾಡುಗಳನ್ನು ಹೇಳುತ್ತಿದ್ದವರು ಗದ್ದೆಯಲ್ಲಿ ನಾಟಿ ಮಾಡುವ ಹೆಂಗಸರು ಮತ್ತು ಭೂತಕಟ್ಟುವವರು. ಅವರ ಬಾಯಲ್ಲಿದ್ದದ್ದು ಗ್ರಂಥಾಲಯದ ಕಪಾಟಿಗೆ ಬಂತು.

ನನ್ನ ಲೆಕ್ಕದಲ್ಲಿ ಇದಕ್ಕಿಂತ ದೊಡ್ಡ ಹೆಜ್ಜೆ ಸಿದ್ಧಲಿಂಗಯ್ಯ ಅವರದು. ದಲಿತ ಚಳವಳಿಯ ಕವಿ ಪಿಎಚ್‌ಡಿಗೆ ಆರಿಸಿಕೊಂಡದ್ದು ಗ್ರಾಮದೇವತೆಗಳನ್ನು. ಹೊರಗಿನಿಂದ ಬಂದು ಮಾರಮ್ಮನ ಫೋಟೊ ತೆಗೆದುಕೊಂಡು ಹೋಗುವವರ ಅಧ್ಯಯನ ಅಲ್ಲ ಅದು. ಹಬ್ಬದಲ್ಲಿ ಯಾರು ಎಲ್ಲಿ ನಿಲ್ಲಬೇಕು ಅನ್ನುವುದನ್ನು ಕೇಳಿ ತಿಳಿಯಬೇಕಾದ ಅಗತ್ಯ ಅವರಿಗೆ ಇರಲಿಲ್ಲ.

1991ರಲ್ಲಿ ಹಂಪಿಯಲ್ಲಿ ಕನ್ನಡ ವಿಶ್ವವಿದ್ಯಾಲಯ ಬಂತು. ಕಂಬಾರರೇ ಮೊದಲ ಕುಲಪತಿ. ಪಾಠಕ್ಕಿಂತ ಸಂಶೋಧನೆಯೇ ಅಲ್ಲಿ ಮುಖ್ಯ. ಬುಡಕಟ್ಟು, ಹಸ್ತಪ್ರತಿ, ಶಾಸನ, ಮಹಿಳಾ ಅಧ್ಯಯನ ಎಂದು ವಿಭಾಗಗಳೇ ಬೇರೆ ಬೇರೆ. 2005-06ರಲ್ಲಿ ಪರಿಶಿಷ್ಟ ಜಾತಿ, ಪಂಗಡದ ಸಂಶೋಧಕರಿಗೆಂದೇ ಕೇಂದ್ರದ ರಾಜೀವ್ ಗಾಂಧಿ ಫೆಲೋಶಿಪ್ ಶುರುವಾಯಿತು. ಮನೆಯಲ್ಲಿ ಮೊದಲ ಬಾರಿಗೆ ಓದಿದ ಹುಡುಗರು, ಹುಡುಗಿಯರು ತಿಂಗಳಿಗೆ ಇಷ್ಟು ಅಂತ ಹಣ ಸಿಕ್ಕಿ ಸಂಶೋಧನೆಗೆ ಕೂರುವ ಹಾಗಾಯಿತು. ಅವರು ತಂದದ್ದು ತಮ್ಮೂರಿನ ವಿಷಯ. ಅಲೆಮಾರಿಗಳು, ಪೌರಕಾರ್ಮಿಕರು, ಕೆರೆ, ಗುಳೆ ಹೋಗುವುದು. ಪತ್ರಿಕೆಯ ಜಿಲ್ಲಾ ಪುಟದಲ್ಲಿ ನಗು ತರಿಸುವ ಶೀರ್ಷಿಕೆಗಳಲ್ಲಿ ಎಷ್ಟೋ ಇಲ್ಲಿಂದ ಬಂದವು.

ಎಲ್ಲವೂ ಚೆನ್ನಾಗಿದೆ ಎಂದು ಹೇಳಿದರೆ ಸುಳ್ಳಾಗುತ್ತದೆ. ಕಾಲೇಜು ಕೆಲಸಕ್ಕೆ, ಬಡ್ತಿಗೆ ಪಿಎಚ್‌ಡಿ ಬೇಕು ಎಂದಾದ ಮೇಲೆ ಸುಮ್ನೆ ಮುಗಿಸುವ ಪ್ರಬಂಧಗಳೂ ಜಾಸ್ತಿಯಾದವು. ಕವಿಯ ಹೆಸರು ಬದಲಿಸಿದರೆ ಸಾಕು, 'ಬದುಕು-ಬರಹ' ಸಿದ್ಧ. ವಿಶ್ವವಿದ್ಯಾಲಯಗಳ ಮೇಲೆ ಕಣ್ಣಿಡುವ ಕೇಂದ್ರದ ಆಯೋಗ ಯುಜಿಸಿ ಇದಕ್ಕೆ ನಿಯಮದ ಮದ್ದು ಹಾಕಿತು. 2009ರಲ್ಲಿ ಪ್ರವೇಶ ಪರೀಕ್ಷೆ, ಕೋರ್ಸ್‌ವರ್ಕ್ ಕಡ್ಡಾಯವಾಯಿತು. ಆಗಲೇ, ಪ್ರಬಂಧ ಸಲ್ಲಿಸುವ ಮುಂಚೆ ಜರ್ನಲ್‌ನಲ್ಲಿ ಒಂದು ಲೇಖನ ಬಂದಿರಲೇಬೇಕು ಎಂದಾಯಿತು. ದುಡ್ಡು ಕೊಟ್ಟರೆ ಅಚ್ಚು ಹಾಕುವ ಜರ್ನಲ್‌ಗಳು ಹುಲುಸಾಗಿ ಬೆಳೆದವು. 2022ರ ನಿಯಮದಲ್ಲಿ ಆ ಕಡ್ಡಾಯ ಹೋಯಿತು.

ಇದರ ನಡುವೆ ಆದ ಒಂದು ಒಳ್ಳೆಯ ಕೆಲಸ 'ಶೋಧಗಂಗಾ'. ಗಾಂಧಿನಗರದ ಇನ್‌ಫ್ಲಿಬ್‌ನೆಟ್ ಕೇಂದ್ರ ನಡೆಸುವ ಈ ತಾಣದಲ್ಲಿ ಪ್ರಬಂಧಗಳ ಸಂಖ್ಯೆ ಐದು ಲಕ್ಷ ದಾಟಿದೆ. ಮೊದಲು ಪ್ರಬಂಧ ಬೈಂಡ್ ಆಗಿ ಬೀರು ಸೇರಿದರೆ ಗೈಡ್, ಪರೀಕ್ಷಕರು ಬಿಟ್ಟು ಯಾರೂ ನೋಡುತ್ತಿರಲಿಲ್ಲ. ಈಗ ಯಾರು ಬೇಕಾದರೂ ತೆಗೆದು ಓದಬಹುದು. ನಕಲು ಮಾಡಿದ್ದೂ ಸಿಕ್ಕಿಬೀಳುತ್ತದೆ, ಚೆನ್ನಾಗಿ ಮಾಡಿದ್ದೂ ಕಣ್ಣಿಗೆ ಬೀಳುತ್ತದೆ.

2022ರ ನಿಯಮದಲ್ಲಿ ಇನ್ನೆರಡು ಮಾತುಗಳಿವೆ. ಎಂ.ಎ.ಗೂ ಪಿಎಚ್‌ಡಿಗೂ ನಡುವೆ ಇದ್ದ ಎಂ.ಫಿಲ್. ರದ್ದಾಯಿತು. ನಾಲ್ಕು ವರ್ಷದ ಪದವಿಯಲ್ಲಿ ಶೇ 75 ಅಂಕ ಬಂದವರು ಎಂ.ಎ. ಓದದೆ ನೇರವಾಗಿ ಪಿಎಚ್‌ಡಿಗೆ ಅರ್ಜಿ ಹಾಕಬಹುದು ಎಂದಾಯಿತು. ಹಿಂದೆ ಒಂದು ಸಣ್ಣ ವಿಷಯ ಹಿಡಿದು, ಎಡವಿ, ಪ್ರಶ್ನೆ ಕೇಳುವುದನ್ನು ಕಲಿಯಲು ಎಂ.ಫಿಲ್. ಒಂದು ಜಾಗವಾಗಿತ್ತು. ನೇರ ದಾರಿ ಹಿಡಿದವರು ಇಪ್ಪತ್ತೊಂದು, ಇಪ್ಪತ್ತೆರಡನೇ ವಯಸ್ಸಿಗೇ ವಿಷಯ ಆರಿಸಬೇಕು. ಆ ವಯಸ್ಸಿನಲ್ಲಿ ಹೆಚ್ಚಿನವರು ಗೈಡ್ ಕೊಟ್ಟ ವಿಷಯಕ್ಕೇ ತಲೆಯಾಡಿಸುತ್ತಾರೆ.