ತ್ರೀಡಿ ಚಿತ್ರಕ್ಕೆ ಮೊದಲು ಸೆಕ್ಷನ್: ಕರಾವಳಿ ಕಟ್ಟಡದ ಮೊದಲ ನಕ್ಷೆಯಲ್ಲಿ ಆರ್ಕಿಟೆಕ್ಟ್ ಹೊಣೆ

ರಸ್ತೆಗಿಂತ 3 ಮೀಟರ್ ಕೆಳಗೆ ಕಾರು ನಿಲ್ಲಿಸಬೇಕು ಎಂದಿಟ್ಟುಕೊಳ್ಳಿ. 8 ಮೀಟರಿಗೆ 1 ಮೀಟರ್ ಇಳಿಯುವಂತೆ ರ‍್ಯಾಂಪ್ ಮಾಡಿದರೆ ಅದರ ಉದ್ದ 24 ಮೀಟರ್. ಜಾಗದ ಆಳ 30 ಮೀಟರ್ ಮಾತ್ರ ಇದ್ದು, ಮುಂದಿನ ಸೆಟ್‌ಬ್ಯಾಕನ್ನೂ (ಗಡಿಯಿಂದ ಖಾಲಿ ಬಿಡಬೇಕಾದ ಜಾಗ) ಕೆಳಗೆ ಕಾರು ತಿರುಗಿಸುವ ಜಾಗವನ್ನೂ ಕಳೆದರೆ ರ‍್ಯಾಂಪ್ ಹಿಂದಿನ ಮನೆಯವರ ಪಾಗಾರ (ಕಾಂಪೌಂಡ್ ಗೋಡೆ) ದಾಟಿ ಹೋಗಬೇಕಾಗುತ್ತದೆ. ಇದು ಗೊತ್ತಾಗಲು ಒಂದು ಸೆಕ್ಷನ್ ಗೆರೆ (ಕಟ್ಟಡವನ್ನೂ ನೆಲವನ್ನೂ ಮೇಲಿಂದ ಕೆಳಗೆ ಸೀಳಿದಂತೆ ತೋರಿಸುವ ನಕ್ಷೆ), ಐದು ನಿಮಿಷದ ಲೆಕ್ಕ ಸಾಕು. ಆದರೆ ಈಗ ಬಹಳ ಕಡೆ ನಡೆಯುವುದು ಬೇರೆಯೇ. ಮೊದಲು ಬಣ್ಣದ ತ್ರೀಡಿ ಚಿತ್ರ ವಾಟ್ಸ್ಆ್ಯಪ್‌ಗೆ ಬರುತ್ತದೆ, ದುಬೈಯಲ್ಲಿರುವ ಅಣ್ಣ, ಮುಂಬೈಯಲ್ಲಿರುವ ಅಕ್ಕ ಎಲ್ಲರೂ ಮೆಚ್ಚುತ್ತಾರೆ, ಸೆಕ್ಷನ್ ಬರೆಯುವುದು ಆಮೇಲೆ. ಆಗ ಉಳಿಯುವುದು ಮೆಚ್ಚಿದ ಚಿತ್ರವನ್ನು ಹೇಗಾದರೂ ಉಳಿಸಿಕೊಳ್ಳುವ ಪರದಾಟ.

ಕಟ್ಟಡದ ಈ ಮೊದಲ ನಕ್ಷೆಯ ಹಂತಕ್ಕೆ ಸ್ಕೀಮ್ಯಾಟಿಕ್ ಡಿಸೈನ್ ಎಂಬ ಹೆಸರು ಅಮೆರಿಕದ ಆರ್ಕಿಟೆಕ್ಟರ ಒಪ್ಪಂದ ಪತ್ರಗಳಲ್ಲಿ ರೂಢಿಯಾದದ್ದು. ನಮ್ಮ ಕೌನ್ಸಿಲ್ ಆಫ್ ಆರ್ಕಿಟೆಕ್ಚರ್ ಇದೇ ಕೆಲಸವನ್ನು ಕಾನ್ಸೆಪ್ಟ್, ಪ್ರಿಲಿಮಿನರಿ ಎಂದು ಎರಡು ಹಂತಗಳಲ್ಲಿ ಇಡುತ್ತದೆ. ಪರವಾನಗಿಗೆ ಕೊಡುವ ನಕ್ಷೆ, ಕೆಲಸದ ನಕ್ಷೆ ಎರಡೂ ಆಮೇಲಿನವು. ಈ ಹಂತ ಮುಗಿದಾಗ ಮಾಲಕರ ಕೈಯಲ್ಲಿ ಸೈಟ್ ಪ್ಲಾನ್, ಪ್ರತಿ ಮಹಡಿಯ ಪ್ಲಾನ್, ಉದ್ದಕ್ಕೊಂದು ಅಡ್ಡಕ್ಕೊಂದು ಸೆಕ್ಷನ್, ಎಲಿವೇಶನ್ (ಹೊರಗಿನ ನೋಟ), ವಿಸ್ತೀರ್ಣದ ಪಟ್ಟಿ, ಗೋಡೆ-ಮಾಡು-ನೆಲ ಯಾವುದರದ್ದೆಂಬ ಒಂದೆರಡು ಪುಟದ ಟಿಪ್ಪಣಿ ಮತ್ತು ಅಂದಾಜು ವೆಚ್ಚ ಇರಬೇಕು. ಟೈಲ್ಸ್‌ನ ಬಣ್ಣ, ಕಿಟಕಿಯ ಹಿಡಿಕೆ ಈಗ ಬೇಡ. ಅವುಗಳ ಚರ್ಚೆಯಲ್ಲಿ ದಿನ ಹೋದರೆ ಕೇಳಲೇಬೇಕಾದ್ದು ಕೇಳದೆ ಉಳಿಯುತ್ತದೆ.

ಮೊದಲು ಕೇಳಬೇಕಾದ್ದು ಜಾಗದ ಬಗ್ಗೆ. ದಕ್ಷಿಣ ಕನ್ನಡ, ಉಡುಪಿಯಲ್ಲಿ ಮಾಲಕರು ‘ನಮ್ಮ ಜಾಗ’ ಎಂದು ತೋರಿಸುವುದರಲ್ಲಿ ವರ್ಗ ಜಾಗ (ಪಟ್ಟೆಯ ಸ್ವಂತ ಜಾಗ) ಯಾವುದು, ಕುಮ್ಕಿ ಯಾವುದು ಎಂದು ಬಿಡಿಸಿಕೊಳ್ಳದೆ ಪೆನ್ಸಿಲ್ ಹಿಡಿಯಬಾರದು. ಕುಮ್ಕಿ ಸರಕಾರಿ ಭೂಮಿ. ವರ್ಗದಾರರಿಗೆ ಅಲ್ಲಿ ಇರುವುದು ಸೊಪ್ಪು, ಸೌದೆ, ಮೇವಿನಂಥ ಸವಲತ್ತು ಮಾತ್ರ, ಕಟ್ಟಡ ಕಟ್ಟುವ ಹಕ್ಕಲ್ಲ. ಹಳೆಯ ಪಾಗಾರ ಕುಮ್ಕಿಯನ್ನೂ ಸೇರಿಸಿಕೊಂಡೇ ಎದ್ದಿರುವುದು ಸಾಮಾನ್ಯ. ಅದನ್ನು ನಂಬಿ ಸೆಟ್‌ಬ್ಯಾಕ್ ಅಳೆದರೆ ಕಟ್ಟಡದ ಒಂದು ಮೂಲೆ ಸರಕಾರದ ಜಾಗದಲ್ಲಿ ನಿಲ್ಲುತ್ತದೆ. ಆರ್‌ಟಿಸಿ, ಸರ್ವೆ ನಕ್ಷೆ, ಕನ್ವರ್ಷನ್ ಆದೇಶ, ಏಕ ನಿವೇಶನ ಅನುಮೋದನೆ ಇವಿಷ್ಟನ್ನೂ ಒಂದರ ಮೇಲೊಂದಿಟ್ಟು ನೋಡಬೇಕು. 20 ಸೆಂಟ್ಸ್ ಎಂದರೆ ಸುಮಾರು 809 ಚದರ ಮೀಟರ್. ಟೋಟಲ್ ಸ್ಟೇಷನ್ ಯಂತ್ರದ ಸರ್ವೆಯಲ್ಲಿ 780 ಬಂದರೆ ನಕ್ಷೆ ಬರೆಯಬೇಕಾದ್ದು 780ಕ್ಕೆ.

ಅದರಿಂದಲೂ ರಸ್ತೆ ಅಗಲೀಕರಣಕ್ಕೆ ಹೋಗುವುದನ್ನು ಕಳೆಯಬೇಕು. ಮಾಸ್ಟರ್ ಪ್ಲಾನ್‌ನಲ್ಲಿ ಮುಂದಿನ ರಸ್ತೆಯ ಅಗಲ ಎಷ್ಟೆಂದು ನಗರಾಭಿವೃದ್ಧಿ ಪ್ರಾಧಿಕಾರದಲ್ಲಿ ಕೇಳಿ ಬರೆದಿಟ್ಟುಕೊಳ್ಳಬೇಕು. 24 ಮೀಟರ್ ಮುಂಭಾಗದಲ್ಲಿ ಒಂದೂವರೆ ಮೀಟರ್ ಬಿಡಬೇಕಾಗಿ ಬಂದರೆ 36 ಚದರ ಮೀಟರ್, ಅಂದರೆ ಹೆಚ್ಚುಕಡಿಮೆ 0.9 ಸೆಂಟ್ಸ್, ಹೋದಂತೆ. ಎಫ್‌ಎಆರ್ (ಜಾಗದ ಎಷ್ಟು ಪಟ್ಟು ವಿಸ್ತೀರ್ಣ ಕಟ್ಟಬಹುದೆಂಬ ಲೆಕ್ಕ) ಕೂಡ ರಸ್ತೆಯ ಅಗಲವನ್ನು ಹಿಡಿದೇ ಇರುತ್ತದೆ. ಎತ್ತರ ಒಂದು ಮಿತಿ ದಾಟಿದರೆ ಸುತ್ತಲಿನ ಸೆಟ್‌ಬ್ಯಾಕ್ ಹೆಚ್ಚುತ್ತದೆ, ಆಗ ಇನ್ನೊಂದು ಮಹಡಿಯ ಆಸೆಗೆ ಕೆಳಗಿನ ಎಲ್ಲ ಮಹಡಿಗಳೂ ಸಣ್ಣದಾಗುತ್ತವೆ. ಎರಡನ್ನೂ ಲೆಕ್ಕ ಹಾಕಿ ಮಾಲಕರ ಮುಂದಿಡಬೇಕು.

ಸಮುದ್ರ, ಹೊಳೆ ಹತ್ತಿರವಿದ್ದರೆ ಸಿಆರ್‌ಝಡ್, ಅಂದರೆ ಕರಾವಳಿ ನಿಯಂತ್ರಣ ವಲಯದ ನಿಯಮ. 2019ರ ಅಧಿಸೂಚನೆಯ ಪ್ರಕಾರ ಕಡಲಿನ ಬದಿಯಲ್ಲಿ ಭರತದ (ಉಬ್ಬರದ) ರೇಖೆಯಿಂದ 500 ಮೀಟರ್‌ವರೆಗೆ, ಉಬ್ಬರವಿಳಿತ ಮುಟ್ಟುವ ಹೊಳೆಗಳ ಬದಿಯಲ್ಲಿ 50 ಮೀಟರ್ ಅಥವಾ ಹೊಳೆಯ ಅಗಲ, ಯಾವುದು ಕಡಿಮೆಯೋ ಅಷ್ಟು. ನೇತ್ರಾವತಿ, ಫಲ್ಗುಣಿ, ಸ್ವರ್ಣೆಯ ಬದಿಯ ತೋಟದ ಮನೆಗಳವರಿಗೆ ತಮ್ಮ ಜಾಗ ಇದರಲ್ಲಿ ಬರುತ್ತದೆಂಬ ಅಂದಾಜೇ ಇರುವುದಿಲ್ಲ. ಅಳೆಯಬೇಕಾದ್ದು ಇವತ್ತು ಕಾಣುವ ನೀರಿನ ಅಂಚಿನಿಂದಲ್ಲ, ಅನುಮೋದಿತ ನಕ್ಷೆಯ ರೇಖೆಯಿಂದ.

ಗುಡ್ಡದ ಮೇಲಿನ ಜಾಗಕ್ಕೆ ಬಜಪೆ ವಿಮಾನ ನಿಲ್ದಾಣದ ಎತ್ತರದ ಮಿತಿ. ಅಲ್ಲಿ ಅನುಮತಿ ಕೊಡುವುದು ಸಮುದ್ರ ಮಟ್ಟದಿಂದ ಲೆಕ್ಕ ಹಾಕಿ. ಮಿತಿ 120 ಮೀಟರ್, ನಿಮ್ಮ ನೆಲವೇ 85 ಮೀಟರ್ ಎತ್ತರದಲ್ಲಿದೆ ಎಂದಾದರೆ ಕಟ್ಟಡಕ್ಕೆ ಉಳಿಯುವುದು 35. ತಾರಸಿಯ ಮೇಲಿನ ನೀರಿನ ಟ್ಯಾಂಕ್, ಲಿಫ್ಟ್ ಕೋಣೆ, ಸಿಡಿಲು ತಡೆಯುವ ಕಂಬಿ ಎಲ್ಲ ಇದರೊಳಗೇ ಬರಬೇಕು.

ಸರ್ವೆಯವರು ಗಡಿಕಲ್ಲು, ಮರ, ಬಾವಿ ಗುರುತಿಸುತ್ತಾರೆ. ಅದರ ಜತೆಗೆ ನಾಗಬನ, ದೈವದ ಕಟ್ಟೆ, ನೆರೆಮನೆಯವರು ನಡೆದುಹೋಗುವ ದಾರಿ, ಮಳೆಗಾಲದಲ್ಲಷ್ಟೇ ಹರಿಯುವ ತೋಡು ಇವನ್ನೂ ಹಾಕಿಸಬೇಕು. ಜನವರಿಯಲ್ಲಿ ಹೋಗಿ ನೋಡಿದವರ ಕಣ್ಣಿಗೆ ತೋಡು ಬೀಳುವುದೇ ಇಲ್ಲ. ಅರ್ಧ ಮೀಟರ್‌ಗೊಂದರಂತೆ ಕಂಟೂರ್ ಗೆರೆ (ಒಂದೇ ಎತ್ತರದ ಜಾಗಗಳನ್ನು ಸೇರಿಸುವ ಗೆರೆ) ಇಲ್ಲದ ಸರ್ವೆಯನ್ನು ಇಳಿಜಾರಿನ ಜಾಗಕ್ಕೆ ಒಪ್ಪಿಕೊಳ್ಳಲೇಬಾರದು.

ಇನ್ನು ಮಣ್ಣು. ನಮ್ಮ ಗುಡ್ಡಗಳ ಮೇಲ್ಪದರ ಗಟ್ಟಿ ಮುರಕಲ್ಲು (ಕೆಂಪುಕಲ್ಲು). ಅದನ್ನು ನೋಡಿ ‘ಕಲ್ಲೇ ಇದೆಯಲ್ಲ, ಮಣ್ಣು ಪರೀಕ್ಷೆ ಯಾಕೆ’ ಎನ್ನುವವರಿದ್ದಾರೆ. ಮುರಕಲ್ಲಿನ ಕೆಳಗೆ ಇರುವುದು ಶೇಡಿ ಮಣ್ಣು, ಒಂದು ಬಗೆಯ ಜೇಡಿ. ಒಣಗಿದ್ದಾಗ ನೆಟ್ಟಗೆ ಕಡಿದರೂ ನಿಲ್ಲುತ್ತದೆ, ನೀರು ಕುಡಿದರೆ ಬಲ ಕಳೆದುಕೊಂಡು ಜಾರುತ್ತದೆ. ಮಳೆಗಾಲದಲ್ಲಿ ಪೇಪರಿನಲ್ಲಿ ಓದುವ ದರೆ (ಕಡಿದ ಗುಡ್ಡದ ಬದಿ) ಕುಸಿತಗಳಲ್ಲಿ ಹಲವಕ್ಕೆ ಇದೇ ಕಾರಣ: ಮೇಲಿನ ಕಲ್ಲಿನ ಹೊದಿಕೆ ಕಡಿದು, ಶೇಡಿಯನ್ನು ಮಳೆಗೆ ಒಡ್ಡಿದ್ದು. ಹಾಗಾಗಿ ಪ್ಲಾನ್‌ನಲ್ಲಿ ‘ಬೇಸ್‌ಮೆಂಟ್’ ಎಂದು ಬರೆಯುವ ಮೊದಲು ಬೋರ್ ಹಾಕಿಸಿ ಕಲ್ಲಿನ ಪದರ ಎಲ್ಲಿಯವರೆಗಿದೆ, ಶೇಡಿ ಎಲ್ಲಿ ಶುರು, ಒರತೆ ಯಾವ ಮಟ್ಟದಲ್ಲಿ ಎಂದು ತಿಳಿಯಬೇಕು. ಸುಮಾರು ಒಂದು ಎಕ್ರೆಯ ಜಾಗಕ್ಕೆ ನಾಲ್ಕು ಮೂಲೆಗೊಂದೊಂದು, ನಡುವೆ ಒಂದು ಬೋರ್ ಎಂದು ಭಾರತೀಯ ಮಾನಕ ಐಎಸ್ 1892 ಹೇಳುತ್ತದೆ. ಸಣ್ಣ ಕಟ್ಟಡಕ್ಕೆ ಒಂದೆರಡು ಸಾಕು, ಆದರೆ ಅದರಲ್ಲೊಂದು ಹೆಚ್ಚು ಕಡಿಯುವ ಬದಿಯಲ್ಲೇ ಇರಲಿ.

ತಗ್ಗಿನ ಜಾಗದ ಕಥೆ ಬೇರೆ. ಬೆಟ್ಟು, ಮಜಲು, ಬೈಲು ಎಂದು ಹಿರಿಯರು ಗದ್ದೆಗಳನ್ನು ವಿಂಗಡಿಸಿದ್ದು ನೀರಿನ ಲೆಕ್ಕದಲ್ಲೇ. ಬೈಲು ಗದ್ದೆಗೆ ಕೆಂಪು ಮಣ್ಣು ತುಂಬಿಸಿ ನಿವೇಶನ ಮಾಡಿದ್ದರೆ ಜುಲೈಯಲ್ಲಿ ಅಂತರ್ಜಲ ಎಲ್ಲಿಗೆ ಬರುತ್ತದೆಂದು ಪಕ್ಕದ ಬಾವಿ ಹೇಳುತ್ತದೆ. ಅಲ್ಲಿ ನೆಲದಡಿಯ ಪಾರ್ಕಿಂಗ್ ಬರೆಯುವುದೆಂದರೆ ವರ್ಷಕ್ಕೆ ನಾಲ್ಕು ತಿಂಗಳು ಪಂಪು ಓಡಿಸಲು ಒಪ್ಪಿಕೊಂಡಂತೆ.

ಇಷ್ಟು ಕೈಗೆ ಬಂದ ಮೇಲೆ ಸೆಕ್ಷನ್. ಸಹಕಾರಿ ಸಂಘವೊಂದರ ಕಟ್ಟಡ ಎಂದುಕೊಳ್ಳಿ: ಕೆಳಗೆ ಬ್ಯಾಂಕಿಂಗ್ ಕೌಂಟರ್, ಮೇಲೆ ಕಚೇರಿ, ಅದರ ಮೇಲೆ ಸಭಾಭವನ. ಮಹಡಿಯ ಎತ್ತರ 3.3 ಮೀಟರ್ ಇಟ್ಟರೆ 150 ಮಿಲಿಮೀಟರ್‌ನ 22 ಏರುಗಳು, 11ರಂತೆ ಎರಡು ಸಾಲು, ಒಂದೊಂದರಲ್ಲಿ 300 ಮಿಲಿಮೀಟರ್‌ನ 10 ಮೆಟ್ಟಿಲು. ಅಲ್ಲಿಗೆ 3 ಮೀಟರ್. ಎರಡೂ ತುದಿಯಲ್ಲಿ ಒಂದೂವರೆ ಮೀಟರ್ ಲ್ಯಾಂಡಿಂಗ್. ಮೆಟ್ಟಿಲ ಕೋಣೆ ಒಳಗಿನಿಂದ ಒಳಗೆ 6 ಮೀಟರ್ ಉದ್ದ, 3 ಮೀಟರಿಗೂ ಸ್ವಲ್ಪ ಹೆಚ್ಚು ಅಗಲ. ಮೊದಲ ನಕ್ಷೆಯಲ್ಲಿ ಅದನ್ನು ನಾಲ್ಕೂವರೆ ಮೀಟರ್‌ನ ಪೆಟ್ಟಿಗೆಯಾಗಿ ಗೀಚಿ ಮುಂದೆ ಹೋದರೆ ಕೆಲಸದ ನಕ್ಷೆಯ ಹೊತ್ತಿಗೆ ಆ ಒಂದೂವರೆ ಮೀಟರ್ ಪಕ್ಕದ ಕೋಣೆಯಿಂದ ಬರಬೇಕು. ಸಾಮಾನ್ಯವಾಗಿ ಅದು ಶೌಚಾಲಯದಿಂದ ಬರುತ್ತದೆ. ನೆಲಗಟ್ಟು 450 ಮಿಲಿಮೀಟರ್ ಎತ್ತರವಿದ್ದರೆ 1:12ರ ಗಾಲಿಕುರ್ಚಿ ರ‍್ಯಾಂಪ್‌ಗೆ 5.4 ಮೀಟರ್, ತುದಿಗಳ ಸಮತಟ್ಟು ಸೇರಿದರೆ 8.4. ಮುಂದಿನ ಸೆಟ್‌ಬ್ಯಾಕ್‌ನಲ್ಲಿ ಕೊನೆಗೆ ಅಂಟಿಸಿದರಾಯಿತು ಎಂದರೆ ಅಷ್ಟು ಉದ್ದ ಅಲ್ಲಿ ಸಿಗುವುದಿಲ್ಲ.

ಕಂಬಗಳ ಸಾಲನ್ನು ಈ ಹಂತದಲ್ಲೇ ಸ್ಟ್ರಕ್ಚರಲ್ ಎಂಜಿನಿಯರ್ ಜತೆ ಕೂತು ಇಡಬೇಕು. ಎರಡೂವರೆ ಮೀಟರ್ ಅಗಲದ ಮೂರು ಕಾರುಗಳಿಗೆ ಕಂಬಗಳ ನಡುವೆ ಖಾಲಿ 7.5 ಮೀಟರ್ ಬೇಕು, ಕಂಬದ ಮಧ್ಯದಿಂದ ಮಧ್ಯಕ್ಕೆ ಸುಮಾರು 8. ಮೇಲಿನ ಫ್ಲ್ಯಾಟ್‌ನ ಕೋಣೆಗಳಿಗೆ ಮೂರೂವರೆ, ನಾಲ್ಕು ಮೀಟರ್‌ನ ಸಾಲು ಸಲೀಸು. ಎರಡನ್ನೂ ಹೊಂದಿಸದೆ ಬಿಟ್ಟರೆ ಮೇಲಿನ ಕಂಬ ಕೆಳಗಿನ ತೊಲೆಯ ಮೇಲೆ ನಿಲ್ಲುತ್ತದೆ. ಐಎಸ್ 1893ರ 2016ರ ಆವೃತ್ತಿಯಲ್ಲಿ ಮಂಗಳೂರು ಭೂಕಂಪದ ಮೂರನೇ ವಲಯದಲ್ಲಿದೆ. ಗೋಡೆಯಿಲ್ಲದೆ ಬರೀ ಕಂಬಗಳಿರುವ ಸ್ಟಿಲ್ಟ್ ಮಹಡಿ ಅಂಥಲ್ಲಿ ದುರ್ಬಲ ಕೊಂಡಿ, ಅದಕ್ಕೆ ಕಾಂಕ್ರೀಟ್ ಗೋಡೆಗಳು ಬೇಕಾಗಬಹುದು. ಅವುಗಳ ಜಾಗ ಈಗಲೇ ಕಾದಿರಿಸದಿದ್ದರೆ ಆಮೇಲೆ ಅವು ಬಂದು ನಿಲ್ಲುವುದು ಕಾರಿನ ಜಾಗದಲ್ಲೇ.

ಮಳೆಯನ್ನು ಪ್ಲಂಬರ್‌ಗೆ ಬಿಡುವ ವಿಷಯ ಎಂದುಕೊಳ್ಳುವುದು ಇಲ್ಲಿ ನಡೆಯದು. ವರ್ಷಕ್ಕೆ ಮೂರೂವರೆ ಮೀಟರ್ ಮಳೆ ಎಂದು ಕಡಿಮೆಯೇ ಹಿಡಿದರೂ 200 ಚದರ ಮೀಟರ್ ಮಾಡಿನ ಮೇಲೆ ಬೀಳುವುದು 7 ಲಕ್ಷ ಲೀಟರ್. ಗಂಟೆಗೆ 100 ಮಿಲಿಮೀಟರ್‌ನ ಜಡಿಮಳೆಗೆ 4 ಇಂಚಿನ ಒಂದು ಪೈಪ್ ಸುಮಾರು 42 ಚದರ ಮೀಟರ್ ಮಾಡಿನ ನೀರನ್ನಷ್ಟೇ ಇಳಿಸಬಲ್ಲದು ಎಂದು ನ್ಯಾಷನಲ್ ಬಿಲ್ಡಿಂಗ್ ಕೋಡ್‌ನ ಪಟ್ಟಿ. ಅಂದರೆ ಐದು ಪೈಪು. ಅವು ಎಲ್ಲಿ ಇಳಿಯುತ್ತವೆ, ಕೆಳಗೆ ಯಾವ ಚರಂಡಿಗೆ, ಅಲ್ಲಿಂದ ಯಾವ ತೋಡಿಗೆ ಎಂಬ ಗೆರೆ ಮೊದಲ ಸೈಟ್ ಪ್ಲಾನ್‌ನಲ್ಲೇ ಇರಬೇಕು. ಬಿಸಿಲೂ ಎರಚಲೂ ಪಡುವಣದಿಂದಲೇ ಬರುವುದರಿಂದ ಆ ಬದಿಗೆ ದೊಡ್ಡ ಗಾಜು ಬರೆದವರು ಅದರ ಮೇಲೆ ಸಾಕಷ್ಟು ಚಾಚಿದ ಸೂರನ್ನೂ ಬರೆಯಲಿ. ತಾರಸಿ ಸೋರಿತೆಂದು ಎರಡನೇ ವರ್ಷಕ್ಕೆ ಶೀಟಿನ ಮಾಡು ಹೊದಿಸುವುದು ಊರಿಡೀ ಕಾಣುವ ನೋಟ. ಶೀಟೋ ಹಂಚೋ ಹೇಗೂ ಬರುವುದಾದರೆ ಅದನ್ನು ಮೊದಲ ಸೆಕ್ಷನ್‌ನಲ್ಲೇ ತೋರಿಸಿ, ಎತ್ತರದ ಲೆಕ್ಕಕ್ಕೂ ವೆಚ್ಚದ ಲೆಕ್ಕಕ್ಕೂ ಸೇರಿಸುವುದು ಪ್ರಾಮಾಣಿಕ ಕೆಲಸ.

ಒಳಚರಂಡಿ ಇಲ್ಲದ ಕಡೆ ಇಡೀ ಪ್ಲಾನನ್ನು ಬಾವಿಯೇ ತೀರ್ಮಾನಿಸುತ್ತದೆ. ಕುಡಿಯುವ ನೀರಿನ ಬಾವಿಗೂ ಇಂಗುಗುಂಡಿಗೂ 18 ಮೀಟರ್ ಅಂತರ ಬೇಕೆನ್ನುತ್ತದೆ ಐಎಸ್ 2470. ನಿಮ್ಮ ಬಾವಿ ಮಾತ್ರವಲ್ಲ, ಸುತ್ತಲಿನ ಮನೆಗಳ ಬಾವಿಗಳೂ ಲೆಕ್ಕಕ್ಕೆ. ತೂತು ತೂತಾದ ಮುರಕಲ್ಲಿನಲ್ಲಿ ಕೊಳಕು ನೀರು ಬಹಳ ಬೇಗ ಹರಿದಾಡುತ್ತದೆ. 10 ಸೆಂಟ್ಸ್ ಜಾಗದಲ್ಲಿ ನಾಲ್ಕು ಬಾವಿಗಳ ಸುತ್ತ ವೃತ್ತ ಎಳೆದರೆ ಗುಂಡಿಗೆ ಉಳಿಯುವುದು ಒಂದೇ ಮೂಲೆ, ಕೆಲವೊಮ್ಮೆ ಅದೂ ಇಲ್ಲ.

ವಿಸ್ತೀರ್ಣದಲ್ಲಿ ಎಲ್ಲರೂ ಎಡವುವುದು ಒಂದೇ ಕಡೆ. ಸಂಘದವರು 600 ಚದರ ಮೀಟರ್ ಬೇಕೆಂದು ಕೋಣೆಗಳ ಪಟ್ಟಿ ಕೊಡುತ್ತಾರೆ. ಗೋಡೆ, ಮೆಟ್ಟಿಲು, ಲಿಫ್ಟ್, ಓಣಿ, ಶೌಚಾಲಯ ಸೇರಿದರೆ ಅದು 1.35 ಪಟ್ಟಿನ ಆಸುಪಾಸು, ಅಂದರೆ 810. ದರ ಗುಣಿಸಬೇಕಾದ್ದು ಈ 810ಕ್ಕೆ. 9 ಇಂಚಿನ ಕೆಂಪುಕಲ್ಲಿನ ಗೋಡೆಯೋ 6 ಇಂಚಿನ ಬ್ಲಾಕೋ ಎಂಬುದೂ ಈಗಲೇ ಇತ್ಯರ್ಥವಾಗಲಿ, 60 ಮೀಟರ್ ಗೋಡೆಗೆ ಮಹಡಿಯೊಂದರಲ್ಲಿ ನಾಲ್ಕೂವರೆ ಚದರ ಮೀಟರ್ ವ್ಯತ್ಯಾಸವಾಗುತ್ತದೆ. ಅಂದಾಜಿನಲ್ಲಿ ಮರೆತುಹೋಗುವುದು ತಡೆಗೋಡೆ, ಪಾಗಾರ, ಮೆಸ್ಕಾಂ ಠೇವಣಿ ಮತ್ತು ಟ್ರಾನ್ಸ್‌ಫಾರ್ಮರ್, ಬೋರ್‌ವೆಲ್, ಜಿಎಸ್‌ಟಿ. ಇಳಿಜಾರಿನಲ್ಲಿ ತಡೆಗೋಡೆಯೊಂದೇ ಲೆಕ್ಕವನ್ನೆಲ್ಲ ತಲೆಕೆಳಗು ಮಾಡಬಲ್ಲದು. ಕಡಲ ಗಾಳಿಗೆ ತೆರೆದ ಕಾಂಕ್ರೀಟನ್ನು ಐಎಸ್ 456 ‘ಸಿವಿಯರ್’ ವರ್ಗದಲ್ಲಿಡುತ್ತದೆ: ಕನಿಷ್ಠ ಎಂ30 ದರ್ಜೆಯ ಕಾಂಕ್ರೀಟ್, ಕಬ್ಬಿಣದ ಮೇಲೆ 45 ಮಿಲಿಮೀಟರ್ ಕಾಂಕ್ರೀಟ್ ಹೊದಿಕೆ. ಕಡಲ ಬದಿಯ ಮಲ್ಪೆಯ ಕಟ್ಟಡಕ್ಕೆ ಒಳನಾಡಿನ ಕಾರ್ಕಳದ ದರ ಹಾಕಿದರೆ ಸರಿಹೋಗದು. ಈ ಹಂತದ ಅಂದಾಜಿಗೆ ಶೇಕಡಾ 10ರಿಂದ 15 ಅನಿರೀಕ್ಷಿತಕ್ಕೆಂದು ಸೇರಿಸಿ, ಹಾಗೆ ಸೇರಿಸಿದ್ದೇವೆಂದು ಬರೆದೂ ಇಡಬೇಕು.

ಮಾಲಕರ ಮುಂದೆ ಎರಡೋ ಮೂರೋ ಆಯ್ಕೆ ಇಡುವ ಕ್ರಮ ಒಳ್ಳೆಯದು, ಆದರೆ ಅವು ನಿಜಕ್ಕೂ ಬೇರೆಯಾಗಿರಬೇಕು. ಒಂದರಲ್ಲಿ ರಸ್ತೆ ಮಟ್ಟದಲ್ಲೇ ಪಾರ್ಕಿಂಗ್, ಇನ್ನೊಂದರಲ್ಲಿ ಅರ್ಧ ಮಹಡಿ ಇಳಿಸಿ 12 ಮೀಟರ್ ರ‍್ಯಾಂಪ್, ಹೀಗೆ. ಒಂದೇ ಪ್ಲಾನಿಗೆ ಮೂರು ಬಣ್ಣದ ಎಲಿವೇಶನ್ ಆಯ್ಕೆಯಲ್ಲ. ವಾಸ್ತು ನೋಡುವವರು ಇದ್ದರೆ ಅವರನ್ನೂ ಇದೇ ಹಂತದಲ್ಲಿ ಕರೆಸುವುದು ಜಾಣತನ. ಆಯ (ವಾಸ್ತುವಿನ ಅಳತೆಯ ಲೆಕ್ಕ) ಹೊಂದಿಸಲು ಹೊರಗೋಡೆ ನಾಲ್ಕು ಇಂಚು ಸರಿಯುವುದು ಈಗ ರಬ್ಬರಿನ ಕೆಲಸ. ಪರವಾನಗಿ ಆದ ಮೇಲೆ ಸರಿದರೆ ಸೆಟ್‌ಬ್ಯಾಕ್ ಉಲ್ಲಂಘನೆ, ಕೊನೆಗೆ ಡೋರ್ ನಂಬರ್ ಸಿಗುವಾಗ ಅದೇ ನಾಲ್ಕು ಇಂಚು ಅಡ್ಡ ಬರುತ್ತದೆ. ಒಪ್ಪಿದ ಆಯ್ಕೆಯ ಪ್ರತಿ ಹಾಳೆಗೂ ಮಾಲಕರ ಸಹಿ, ದಿನಾಂಕ ಬೇಕು. ಸಂಘವಾದರೆ ಆಡಳಿತ ಮಂಡಳಿಯ ನಿರ್ಣಯದ ಪ್ರತಿ ಬೇಕು, ಅಧ್ಯಕ್ಷರು ಬದಲಾದರೆ ಪ್ಲಾನ್ ಬದಲಾಗಬಾರದಲ್ಲ.

ಉಳಿದದ್ದು ದಿನದ ಲೆಕ್ಕ. ಪತ್ತನಾಜೆಯೊಳಗೆ (ಮೇ ಕೊನೆಯೊಳಗೆ) ಪಂಚಾಂಗ, ಅಂದರೆ ಕಟ್ಟಡದ ತಳಪಾಯ, ಮೇಲೆ ಬರಬೇಕು, ತಡೆಗೋಡೆಯ ಹಿಂದೆ ಜಲ್ಲಿ ತುಂಬಿ ನೀರು ಹೋಗುವ ತೂತುಗಳು ತೆರೆದಿರಬೇಕು. ಅದಕ್ಕೆ ಅಗೆತ ಡಿಸೆಂಬರ್‌ನಲ್ಲಿ ಶುರುವಾಗಬೇಕು. ಪರವಾನಗಿಗೂ ಕೆಲಸದ ನಕ್ಷೆಗೂ ತಿಂಗಳುಗಳು ಹಿಡಿಯುವುದರಿಂದ ಸ್ಕೀಮ್ ಆಟಿ ತಿಂಗಳ (ಜುಲೈ-ಆಗಸ್ಟ್) ಮಳೆ ಸುರಿಯುತ್ತಿರುವಾಗಲೇ ಅಂತಿಮವಾಗಬೇಕು. ಜಾಗದ ನೀರು ಎಲ್ಲೆಲ್ಲಿ ಹರಿಯುತ್ತದೆಂದು ನೋಡಲು ಆಗಿನಷ್ಟು ಒಳ್ಳೆಯ ಸಮಯವೂ ಇಲ್ಲ. ಮಾರ್ಚ್ ಬಂದರೂ ಪ್ಲಾನ್ ಇನ್ನೂ ಚರ್ಚೆಯಲ್ಲೇ ಇದ್ದು, ಹಿಟಾಚಿ ಸಿಕ್ಕಿತೆಂದು ಮಾಲಕರು ದರೆ ಕಡಿಸಲು ಹೊರಟರೆ, ಈ ಮಳೆಗಾಲ ಕಳೆಯಲಿ ಎಂದು ಬಾಯಲ್ಲಿ ಹೇಳಿದರೆ ಸಾಲದು. ಪತ್ರ ಬರೆದು ಕೊಟ್ಟು, ಸ್ವೀಕೃತಿಗೆ ಸಹಿ ಪಡೆದು ಫೈಲಿನಲ್ಲಿಡಬೇಕು.