ಕೊಲ್ಲಿ ಕದಡಿದರೆ ಚಳ್ಳಕೆರೆಗೆ ಮಳೆ

ಅಕ್ಟೋಬರ್ ಬಂತೆಂದರೆ ಚಳ್ಳಕೆರೆ, ಹಿರಿಯೂರು ಸೀಮೆಯ ಈರುಳ್ಳಿ ಹೊಲಗಳಲ್ಲಿ ಒಂದೇ ಮಾತು: ‘ಕೊಲ್ಲೀಲಿ ಏನಾರ ಎದ್ದೈತೇನಪ್ಪ?’ ಕಿತ್ತು ಹರವಿದ ಗಡ್ಡೆ ಎರಡು ದಿನ ನೆನೆದರೆ ಸಾಕು, ಕೊಳೆ ಹಿಡಿಯುತ್ತದೆ. ಅದೇ ಹೊತ್ತಿಗೆ ದಾವಣಗೆರೆ ಕಡೆ ಮೆಕ್ಕೆಜೋಳ ಕಣದಲ್ಲೂ ರಸ್ತೆ ಮೇಲೂ ಒಣಗುತ್ತಿರುತ್ತದೆ. ಹೀಗೆ ಕೇಳುವವರಲ್ಲಿ ಎಷ್ಟೋ ಮಂದಿ ಬಂಗಾಳ ಕೊಲ್ಲಿಯನ್ನು ಕಣ್ಣಾರೆ ಕಂಡವರಲ್ಲ.

ನೇರ ಗೆರೆ ಎಳೆದರೆ ಚಿತ್ರದುರ್ಗದಿಂದ ಅರಬ್ಬಿ ಸಮುದ್ರ ಸುಮಾರು 200 ಕಿ.ಮೀ., ಬಂಗಾಳ ಕೊಲ್ಲಿ ಸುಮಾರು 400. ಆದರೂ ನಮಗೆ ಹತ್ತಿರದ ಸಮುದ್ರಕ್ಕಿಂತ ದೂರದ್ದೇ ಹೆಚ್ಚು ಆಪ್ತ. ಮುಂಗಾರು ಮೋಡ ಘಟ್ಟದ ಆಚೆ ಬದಿಯಲ್ಲೇ ಬಹುಪಾಲು ಸುರಿದು, ಇತ್ತ ಹಗುರಾಗಿ ಬರುತ್ತದೆ. ಜೂನ್, ಜುಲೈನಲ್ಲಿ ಜೋಗಿಮಟ್ಟಿ ಮೇಲೆ ನಿಂತರೆ ಗಾಳಿ ಮೈ ತಳ್ಳುತ್ತದೆ, ಗಾಳಿಯಂತ್ರಗಳು ಭರ್ರೆಂದು ತಿರುಗುತ್ತವೆ, ಮಳೆ ಮಾತ್ರ ತುಂತುರು. ವರ್ಷದ ಮಳೆಯ ದೊಡ್ಡ ಪಾಲು ಬೀಳುವುದು ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ. ಆಗ ಕೊಲ್ಲಿಯಲ್ಲಿ ನಡೆಯುವುದೆಲ್ಲ ನಮ್ಮ ಹೊಲದ ಸಂಗತಿಯೇ.

ಆ ಕೊಲ್ಲಿಯ ಮೇಲೆ ಕಣ್ಣಿಡುವ ಕೆಲಸ ಶುರುವಾದದ್ದು ರೈತರಿಗಾಗಿ ಅಲ್ಲ, ಹಡಗುಗಳಿಗಾಗಿ. 1840ರ ದಶಕದಲ್ಲಿ ಕಲ್ಕತ್ತೆಯ ಹೆನ್ರಿ ಪಿಡಿಂಗ್‌ಟನ್ ಬಿರುಗಾಳಿಗೆ ಸಿಕ್ಕ ಹಡಗುಗಳ ದಿನಚರಿಗಳನ್ನು ಒಟ್ಟುಹಾಕಿ, ಗಾಳಿ ಸುತ್ತುವ ದಿಕ್ಕನ್ನು ನಕ್ಷೆಯ ಮೇಲೆ ಗುರುತಿಸುತ್ತ ಹೋದ. ಸುರುಳಿ ಸುತ್ತಿದ ಹಾವನ್ನು ನೆನಪಿಸುವ ಗ್ರೀಕ್ ಪದದಿಂದ ‘ಸೈಕ್ಲೋನ್’ ಎಂಬ ಹೆಸರು ಕಟ್ಟಿದವನೂ ಅವನೇ. 1864ರ ಅಕ್ಟೋಬರ್‌ನಲ್ಲಿ ಕಲ್ಕತ್ತೆಗೆ ಬಡಿದ ಚಂಡಮಾರುತಕ್ಕೆ ಹತ್ತಾರು ಸಾವಿರ ಜನ ಬಲಿಯಾದರು. ಮರುವರ್ಷವೇ ಅಲ್ಲಿನ ಬಂದರಿಗೆ ಮುನ್ನೆಚ್ಚರಿಕೆ ಕೊಡುವ ವ್ಯವಸ್ಥೆ ಬಂತು. 1866ರಲ್ಲಿ ಒಡಿಶಾದಲ್ಲಿ ಭೀಕರ ಬರ. ಬಿರುಗಾಳಿ, ಬರ ಎರಡರ ಪೆಟ್ಟೂ ತಿಂದ ಮೇಲೆ, 1875ರಲ್ಲಿ, ಭಾರತ ಹವಾಮಾನ ಇಲಾಖೆ ಹುಟ್ಟಿತು.

ಹುಟ್ಟಿದ ಮರುವರ್ಷವೇ ಅದಕ್ಕೆ ಎದುರಾದದ್ದು ನಮ್ಮ ಹಿರಿಯರು ‘ಧಾತು ಈಶ್ವರ ಬರ’ ಎಂದು ನೆನೆಯುತ್ತಿದ್ದ 1876-78ರ ಕ್ಷಾಮ. ಮೈಸೂರು ಸೀಮೆಯನ್ನು ಅದು ಹಿಂಡಿ ಹಾಕಿತು. ಮಳೆಯನ್ನು ಮೊದಲೇ ಹೇಳಿ ಎಂದು ಸರ್ಕಾರ ಇಲಾಖೆಯ ಬೆನ್ನು ಹತ್ತಿತು. ಮುಖ್ಯಸ್ಥ ಹೆನ್ರಿ ಬ್ಲಾನ್‌ಫರ್ಡ್ ಹಿಮಾಲಯದ ಹಿಮ ನೋಡಿ ಮುಂಗಾರಿನ ಮುನ್ಸೂಚನೆ ಕೊಡತೊಡಗಿದ. 1886ರಿಂದ ಅದು ಪ್ರತಿವರ್ಷದ ಕೆಲಸವಾಯಿತು. ಮುಂದೆ ಬಂದ ಗಿಲ್ಬರ್ಟ್ ವಾಕರ್ ಪೆಸಿಫಿಕ್ ಸಾಗರದ ವಾಯುಭಾರದ ಏರಿಳಿತಕ್ಕೂ ನಮ್ಮ ಮಳೆಗೂ ನಂಟಿದೆಯೆಂದು ಲೆಕ್ಕ ಹಾಕಿ ತೋರಿಸಿದ.

ಆದರೆ ಮಳೆ ಹುಟ್ಟುವ ಜಾಗ ಸಮುದ್ರ. ಅಲ್ಲಿಂದ ಬರುತ್ತಿದ್ದ ಸುದ್ದಿ ತೀರಾ ಕಡಿಮೆ. ನಾವಿಕರು ಬಕೆಟ್ ಇಳಿಬಿಟ್ಟು ನೀರು ಸೇದಿ ಅದರ ಬಿಸಿ ಅಳೆಯುತ್ತಿದ್ದರು, ಭಾರಮಾಪಕ ನೋಡಿ ಬರೆದಿಡುತ್ತಿದ್ದರು. ವೈರ್‌ಲೆಸ್ ಬರುವವರೆಗೆ ಆ ಬರಹ ದಡ ಸೇರುವಷ್ಟರಲ್ಲಿ ಗಾಳಿ ತನ್ನ ಕೆಲಸ ಮುಗಿಸಿರುತ್ತಿತ್ತು. ವೈರ್‌ಲೆಸ್ ಬಂದ ಮೇಲೂ ದೊಡ್ಡದೊಂದು ತೊಡಕು ಉಳಿಯಿತು: ಬಿರುಗಾಳಿಯ ಸುಳಿವು ಸಿಕ್ಕ ಹಡಗು ದೂರ ಸರಿಯುತ್ತದೆ. ಎಲ್ಲಿ ಅಳತೆ ಬೇಕೋ ಅಲ್ಲೇ ಅಳೆಯುವವರಿಲ್ಲ. ನಕ್ಷೆಯ ಆ ಖಾಲಿ ಜಾಗ ತುಂಬಲು ಉಪಗ್ರಹ ಬರಬೇಕಾಯಿತು. 1983ರಲ್ಲಿ ಹಾರಿದ ಇನ್ಸಾಟ್-1ಬಿ ನಮ್ಮ ಕಡಲುಗಳ ಮೇಲಿನ ಮೋಡಗಳ ಚಿತ್ರ ಕಳಿಸತೊಡಗಿತು.

ಮೋಡ ಕಂಡರಷ್ಟೇ ಸಾಲದು, ಅದನ್ನು ಎಬ್ಬಿಸುವ ನೀರಿನ ಕಾವೂ ತಿಳಿಯಬೇಕು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಸುಲೋಚನಾ ಗಾಡ್ಗೀಳ್ ಮತ್ತು ಜೊತೆಗಾರರು 1984ರಲ್ಲಿ ಒಂದು ಹೊಸ್ತಿಲನ್ನು ತೋರಿಸಿದರು: ಸಮುದ್ರದ ಮೇಲ್ಮೈ ಸುಮಾರು 28 ಡಿಗ್ರಿ ದಾಟಿದ ಮೇಲೆಯೇ ಎತ್ತರದ ಮಳೆಮೋಡಗಳು ದಟ್ಟವಾಗಿ ಏಳುತ್ತವೆ. ಅದೇ ಸಂಸ್ಥೆಯ ಇನ್ನೊಂದು ಆವರಣ ಈಗ ಚಳ್ಳಕೆರೆ ತಾಲ್ಲೂಕಿನ ಕುದಾಪುರದಲ್ಲಿದೆ.

ಬಂಗಾಳ ಕೊಲ್ಲಿ ಈ ಹೊಸ್ತಿಲನ್ನು ವರ್ಷದ ಬಹುಕಾಲ ದಾಟಿಯೇ ಇರುತ್ತದೆ. ಗಂಗೆ, ಬ್ರಹ್ಮಪುತ್ರೆಗಳ ಸಿಹಿನೀರು ಉಪ್ಪುನೀರಿಗಿಂತ ಹಗುರ. ಕೆನೆಯ ಹಾಗೆ ಮೇಲೆ ನಿಂತು ಕೆಳಗಿನ ತಣ್ಣೀರು ಬೆರೆಯದಂತೆ ತಡೆಯುತ್ತದೆ. ಈ ಒಳಗುಟ್ಟು ಉಪಗ್ರಹದ ಕಣ್ಣಿಗೆ ಬೀಳುವುದಿಲ್ಲ. ಅದಕ್ಕೆಂದೇ 1990ರ ದಶಕದ ಕೊನೆಯಿಂದ ಚೆನ್ನೈನ ರಾಷ್ಟ್ರೀಯ ಸಾಗರ ತಂತ್ರಜ್ಞಾನ ಸಂಸ್ಥೆ ಅಳತೆ ಉಪಕರಣ ಹೊತ್ತ ತೇಲುಬುರುಡೆಗಳನ್ನು ಕಡಲಲ್ಲಿ ಲಂಗರು ಹಾಕಿ ನಿಲ್ಲಿಸಿದೆ. ಆರ್ಗೋ ಎಂಬ ಉಪಕರಣಗಳು ಹತ್ತು ದಿನಕ್ಕೊಮ್ಮೆ 2,000 ಮೀಟರ್ ಆಳಕ್ಕಿಳಿದು, ಅಲ್ಲಿಂದ ಮೇಲೇರುತ್ತ ನೀರಿನ ಬಿಸಿ, ಉಪ್ಪು ಅಳೆದು ಉಪಗ್ರಹಕ್ಕೆ ಹೇಳುತ್ತವೆ.

ಸುದ್ದಿಯಲ್ಲಿ ಬರುವ ‘ವಾಯುಭಾರ ಕುಸಿತ’ ಬರಿಯ ಮಾತಲ್ಲ, ಒಂದು ಅಳತೆ. ಸುಳಿಯ ಗಾಳಿ ಗಂಟೆಗೆ 31ರಿಂದ 49 ಕಿ.ಮೀ. ಇದ್ದರೆ ಆ ಹೆಸರು. 62 ಮುಟ್ಟಿದರೆ ಚಂಡಮಾರುತ. ಕರಾವಳಿಯವರು ಅಂಜುವುದು ಚಂಡಮಾರುತಕ್ಕೆ. ನಮ್ಮಂಥ ಒಳನಾಡಿಗೆ ನಿಧಾನವಾಗಿ ಸಾಗುವ ಸಾಧಾರಣ ಕುಸಿತವೇ ಸಾಕು. 2021ರ ನವೆಂಬರ್‌ನಲ್ಲಿ ಚೆನ್ನೈ ಆಸುಪಾಸಿನಲ್ಲಿ ದಡ ದಾಟಿದ ಎರಡು ಕುಸಿತಗಳೂ ಚಂಡಮಾರುತವಾಗಲಿಲ್ಲ. ಆದರೂ ಆ ತಿಂಗಳು ರಾಜ್ಯದುದ್ದಕ್ಕೂ ಕಟಾವಿಗೆ ಬಂದ ಬೆಳೆ ನೀರಲ್ಲಿ ನಿಂತಿತು. ‘ಚಂಡಮಾರುತವಿಲ್ಲ, ಭಯಬೇಡ’ ಎಂಬ ಸಾಲನ್ನು ನಮ್ಮ ರೈತ ಓದಿ ನಿಶ್ಚಿಂತನಾಗುವಂತಿಲ್ಲ ಎಂಬುದನ್ನು ಹವಾಮಾನ ಸುದ್ದಿ ಬರೆಯುವವರು ಮನಸ್ಸಿಗೆ ತಂದುಕೊಳ್ಳಬೇಕೆಂದು ನನಗೆ ಬಲವಾಗಿ ಅನ್ನಿಸುತ್ತದೆ.

ಕುಸಿತದ ದಾರಿಯನ್ನು ಈಗ ಕೆಲವು ದಿನ ಮೊದಲೇ ಹೇಳಬಲ್ಲರು. ಯಾವ ಊರಿಗೆ ಎಷ್ಟು ಮಳೆ ಎನ್ನುವುದೇ ಕಷ್ಟ. ಉಷ್ಣವಲಯದಲ್ಲಿ ಮಳೆ ಸುರಿಸುವ ಒಂದೊಂದು ಗುಡುಗುಮೋಡದ ಅಗಲ ಕೆಲವೇ ಕಿಲೋಮೀಟರ್, ಆಯಸ್ಸು ಗಂಟೆಯ ಆಸುಪಾಸು. ಚಿತ್ತೆ ಮಳೆಯನ್ನು ನಮ್ಮವರು ‘ಕುರುಡು ಚಿತ್ತೆ’ ಅಂದದ್ದು ಇದಕ್ಕೇ: ಒಂದು ಊರಲ್ಲಿ ಹಳ್ಳ ಹರಿದರೆ ಪಕ್ಕದೂರಿನಲ್ಲಿ ಧೂಳು. ಮೀನುಗಾರರಿಗೆ ಹೈದರಾಬಾದಿನ ಸಾಗರ ಮಾಹಿತಿ ಕೇಂದ್ರ ಅಲೆಯ ಎತ್ತರವನ್ನು ದಿನಗಳ ಮೊದಲೇ ಮೀಟರ್ ಲೆಕ್ಕದಲ್ಲಿ ಹೇಳುತ್ತದೆ. ಈರುಳ್ಳಿ ಬೆಳೆಗಾರ ಕೇಳುವುದೂ ಅಂಥದ್ದೇ ಒಂದು ಲೆಕ್ಕ: ನಾಳೆ ಕಿತ್ತರೆ ನನ್ನ ಹೋಬಳಿಯಲ್ಲಿ ಮೂರು ದಿನ ಬಿಸಿಲು ಸಿಕ್ಕೀತೇ? ಪಂಚಾಯ್ತಿಗೊಂದರಂತೆ ಮಳೆಮಾಪಕ ನೆಟ್ಟಿರುವ ರಾಜ್ಯದ ವಿಪತ್ತು ಉಸ್ತುವಾರಿ ಕೇಂದ್ರದ ‘ವರುಣಮಿತ್ರ’ ಸಹಾಯವಾಣಿಗೆ ಫೋನ್ ಮಾಡಿದರೆ ಉತ್ತರ ಸಿಗುತ್ತದೆ. ಫೋನಿಟ್ಟ ಮೇಲೂ ಆತ ಒಮ್ಮೆ ಮೂಡಲ ದಿಕ್ಕು ನೋಡಿ, ಟಾರ್ಪಾಲನ್ನು ಬದುವಿನ ಮೇಲೆ ತಂದಿಟ್ಟುಕೊಂಡೇ ಕೀಳಲು ಇಳಿಯುತ್ತಾನೆ.