ತ್ರಿಕೋನದಲ್ಲಿ ಮಾವನ ಜಾಗ ಎಲ್ಲಿ?

ಮಂಗಳೂರಿನಲ್ಲಿ ನಾನು ಬಿ.ಎಡ್. ಓದುತ್ತಿದ್ದಾಗ ಒಂದು ಮಧ್ಯಾಹ್ನ ಮನೋವಿಶ್ಲೇಷಣೆಯ ಪ್ರವರ್ತಕ ಫ್ರಾಯ್ಡ್‌ನ ಪಾಠ ನಡೆದಿತ್ತು. ಉಪನ್ಯಾಸಕರು ಕರಿಹಲಗೆಯ ಮೇಲೆ ತ್ರಿಕೋನ ಎಳೆದು ಮೂರು ಮೂಲೆಗಳಿಗೆ ತಾಯಿ, ತಂದೆ, ಮಗು ಎಂದು ಬರೆದರು. ಗಂಡುಮಗು ತಾಯಿ ತನಗೊಬ್ಬನಿಗೇ ಬೇಕೆನ್ನುತ್ತದೆ, ಅಡ್ಡ ನಿಂತ ತಂದೆಯ ಮೇಲೆ ಸಿಟ್ಟಾಗುತ್ತದೆ, ಅವನಿಗೆ ಹೆದರಿ ಆ ಸಿಟ್ಟನ್ನು ನುಂಗುತ್ತದೆ ಎಂದು ವಿವರಿಸಿದರು. ಹಿಂದಿನ ಬೆಂಚಿನಿಂದ ಬಂಟ್ವಾಳ ಕಡೆಯ ಹುಡುಗನೊಬ್ಬ ಎದ್ದು, “ಸರ್, ಇದರಲ್ಲಿ ಮಾವ ಎಲ್ಲಿ?” ಎಂದ. ತರಗತಿ ಘೊಳ್ಳೆಂದಿತು. ಉಪನ್ಯಾಸಕರೂ ನಕ್ಕು, “ಮಾವ ಪರೀಕ್ಷೆಗೆ ಬರುವುದಿಲ್ಲ” ಎಂದು ಪುಟ ತಿರುಗಿಸಿದರು.

ಸೋದರಮಾವನ ಕುರಿತ ಅದೇ ಪ್ರಶ್ನೆಯನ್ನಿಟ್ಟುಕೊಂಡು 1920ರ ದಶಕದಲ್ಲಿ ಘಟಾನುಘಟಿಗಳು ವಾದಕ್ಕಿಳಿದಿದ್ದರು ಎಂಬುದು ನನಗೆ ತಿಳಿದದ್ದು ಎಷ್ಟೋ ವರ್ಷಗಳ ಮೇಲೆ.

ತ್ರಿಕೋನ ಹುಟ್ಟಿದ್ದು ವಿಯೆನ್ನಾದಲ್ಲಿ. ಅದಕ್ಕೆ ಮೈ ತುಂಬಿ ಬಂದದ್ದು 1909ರಲ್ಲಿ ಫ್ರಾಯ್ಡ್ ಪ್ರಕಟಿಸಿದ ‘ಪುಟ್ಟ ಹಾನ್ಸ್’ ಎಂಬ ಹುಡುಗನ ವೃತ್ತಾಂತದಿಂದ. ಐದು ವರ್ಷದ ಹಾನ್ಸ್‌ಗೆ ಕುದುರೆ ಕಚ್ಚೀತೆಂಬ ಭಯ. ಬೀದಿಯ ತುಂಬ ಕುದುರೆಗಾಡಿಗಳೇ ಇದ್ದ ಕಾಲ, ಹುಡುಗ ಮನೆಯಿಂದ ಹೊರಬೀಳಲೊಲ್ಲ. ಅವನ ಮಾತು, ಕನಸುಗಳನ್ನು ಬರೆದು ಫ್ರಾಯ್ಡ್‌ಗೆ ಕಳುಹಿಸುತ್ತಿದ್ದವನು ಅವನ ತಂದೆಯೇ. ಚಿಕಿತ್ಸೆಯ ಅವಧಿಯಲ್ಲಿ ಫ್ರಾಯ್ಡ್ ಹುಡುಗನನ್ನು ಎದುರಿಗೆ ಕೂರಿಸಿಕೊಂಡು ಮಾತಾಡಿದ್ದು ಒಂದೇ ಸಲ. ಕುದುರೆಯ ಕಣ್ಣಿನ ಬಳಿ, ಬಾಯಿಯ ಸುತ್ತ ಕಪ್ಪಗೇನೋ ಇರುತ್ತದೆ ಎಂದು ಹಾನ್ಸ್ ಹೇಳುತ್ತಿದ್ದ. ಪಕ್ಕದಲ್ಲಿದ್ದ ತಂದೆಗೆ ಕನ್ನಡಕವೂ ಇತ್ತು, ಮೀಸೆಯೂ ಇತ್ತು. ಫ್ರಾಯ್ಡ್‌ಗೆ ಅಷ್ಟು ಸಾಕಾಯಿತು: ಕುದುರೆ ಎಂದರೆ ಅಪ್ಪ. ಈ ವೃತ್ತಾಂತ ಕಥೆಯಾಗಿ ನನಗೆ ಬಹಳ ಇಷ್ಟ, ಪುರಾವೆಯಾಗಿ ಅಷ್ಟಕ್ಕಷ್ಟೆ. ಪ್ರಶ್ನೆ ಕೇಳುವವನೂ ಅಪ್ಪ, ಉತ್ತರ ಬರೆದುಕೊಳ್ಳುವವನೂ ಅಪ್ಪ ಎಂದ ಮೇಲೆ ಭಯದ ಕೊನೆಯಲ್ಲಿ ಅಪ್ಪನೇ ಸಿಕ್ಕಿದ್ದರಲ್ಲಿ ಅಚ್ಚರಿಯೇನು?

ಮಗುವಿನ ಬೆಳವಣಿಗೆಗೆ ಹಂತಗಳಿವೆ ಎಂಬ ಮಾತನ್ನು ಫ್ರಾಯ್ಡ್ 1905ರಿಂದಲೇ ಕಟ್ಟುತ್ತ ಬಂದಿದ್ದ. ನಮ್ಮ ನೋಟ್ಸಿನಲ್ಲಿ ಇದ್ದದ್ದು ಅದಷ್ಟೇ. 1923ರಲ್ಲಿ ಅವನು ಮನಸ್ಸನ್ನು ಮೂರಾಗಿ ವಿಂಗಡಿಸಿದ: ಬೇಕು ಬೇಕೆನ್ನುವ ಇಡ್, ಹೊರಜಗತ್ತಿನೊಂದಿಗೆ ಹೊಂದಿಸಿಕೊಂಡು ಹೋಗುವ ಅಹಂ, ಗದರಿಸುವ ಅತ್ಯಹಂ. ಈ ಅತ್ಯಹಂ ಬರುವುದು ಎಲ್ಲಿಂದ? ಹೊರಗೆ ನಿಂತು ಬೈಯುತ್ತಿದ್ದ ತಂದೆ ಕ್ರಮೇಣ ಒಳಗೇ ಬಂದು ಕೂರುತ್ತಾನೆ. ಮುಂದೆ ಜೀವಮಾನವಿಡೀ ಬೈಯುವುದು ಆ ದನಿಯೇ. ಹಾಗಿದ್ದರೆ ಬೈಯುವ ಅಧಿಕಾರವೇ ತಂದೆಗಿಲ್ಲದ ಮನೆಯಲ್ಲಿ ಒಳಗೆ ಕೂರುವವರು ಯಾರು?

ಈ ಪ್ರಶ್ನೆ ಎತ್ತಿದವನು ಮಾನವಶಾಸ್ತ್ರಜ್ಞ ಮಲಿನೋವ್‌ಸ್ಕಿ. ಮೊದಲ ಮಹಾಯುದ್ಧದ ವರ್ಷಗಳಲ್ಲಿ ಅವನು ಪೆಸಿಫಿಕ್ ಸಾಗರದ ಟ್ರೋಬ್ರಿಯಾಂಡ್ ದ್ವೀಪಗಳಲ್ಲಿದ್ದ. ಅಲ್ಲಿ ಕುಲ ತಾಯಿಯದು, ಶಿಸ್ತು ಸೋದರಮಾವನದು. ತಂದೆ ಮಗುವನ್ನು ಎತ್ತಿ ಆಡಿಸುವ ಗೆಳೆಯ. ಅಲ್ಲಿನ ಹುಡುಗರ ಒಳಸಿಟ್ಟು ಮಾವನ ಮೇಲೆಯೇ ಹೊರತು ಅಪ್ಪನ ಮೇಲಲ್ಲ ಎಂದು ಅವನು ವಾದಿಸಿದ. ಫ್ರಾಯ್ಡ್‌ನ ಆಪ್ತ ಅರ್ನೆಸ್ಟ್ ಜೋನ್ಸ್ 1925ರಲ್ಲಿ ತಿರುಗೇಟು ಕೊಟ್ಟ: ಮೂಲ ಸಿಟ್ಟು ಅಪ್ಪನ ಮೇಲೆಯೇ, ಅದನ್ನು ತಾಳಲಾರದೆ ಮಾವನ ತಲೆಗೆ ಕಟ್ಟಿದ್ದಾರೆ. 1927ರಲ್ಲಿ ಮಲಿನೋವ್‌ಸ್ಕಿ ತನ್ನ ವಾದವನ್ನು ಪುಸ್ತಕವಾಗಿಯೇ ಹೊರತಂದ. ಯಾರೂ ಸೋಲಲಿಲ್ಲ.

ಆ ದ್ವೀಪಗಳ ತನಕ ಹೋಗದಿದ್ದರೂ ನಡೆಯುತ್ತಿತ್ತು, ಉಡುಪಿಗೆ ಬಂದಿದ್ದರೆ ಸಾಕಿತ್ತು. ತುಳುನಾಡಿನ ಬಂಟರು, ಬಿಲ್ಲವರು, ಮೊಗವೀರರು ಮೊದಲಾದವರದು ಅಳಿಯಕಟ್ಟು, ಅಂದರೆ ಆಸ್ತಿ ಸೋದರಳಿಯನಿಗೆ ಹೋಗುತ್ತಿದ್ದ ಪದ್ಧತಿ. ಬ್ರಾಹ್ಮಣರು, ಕೊಂಕಣಿಗರದು ಆಸ್ತಿ ಮಕ್ಕಳಿಗೇ ಹೋಗುವ ಮಕ್ಕಳಕಟ್ಟು. ಅಳಿಯಕಟ್ಟಿನಲ್ಲಿ ಮಗುವಿಗೆ ತಾಯಿಯ ಬರಿ, ಅಂದರೆ ಕುಲ. ತಂದೆಯದು ಬೇರೆಯೇ ಬರಿ, ಹಾಗಾಗಿ ಲೆಕ್ಕದಲ್ಲಿ ಅವನು ಹೊರಗಿನವನು. ಹೆಂಡತಿ ಗಂಡನ ಮನೆಯಲ್ಲಿದ್ದರೂ ಮಕ್ಕಳ ಹಕ್ಕು ತಾಯಿಮನೆಯಲ್ಲಿತ್ತು, ಆ ಮನೆಯ ಯಜಮಾನ ಸೋದರಮಾವನಾಗಿದ್ದ. (ತುಳುವಿನಲ್ಲಿ ತಾಯಿ ‘ಅಪ್ಪೆ’, ತಂದೆ ‘ಅಮ್ಮೆ’. ಘಟ್ಟದ ಮೇಲಿನ ಓದುಗರಿಗೆ ಇದನ್ನು ಎರಡು ಸಲ ಹೇಳಬೇಕಾಗುತ್ತದೆ.)

ಈ ಕಟ್ಟಿನ ಹುಟ್ಟಿಗೊಂದು ಐತಿಹ್ಯವಿದೆ. ದೇವಪಾಂಡ್ಯನ ಹಡಗುಗಳು ನೀರಿಗಿಳಿಯಬೇಕಾದರೆ ಕುಂಡೋದರ ಭೂತ ನರಬಲಿ ಕೇಳಿತು. ರಾಜನ ಹೆಂಡತಿ ತನ್ನ ಮಕ್ಕಳನ್ನು ಬಿಟ್ಟುಕೊಡಲಿಲ್ಲ. ತಂಗಿ ಸತ್ಯವತಿ ಮಗನನ್ನು ಒಪ್ಪಿಸಿದಳು. ಭೂತ ಮೆಚ್ಚಿ ಹುಡುಗನನ್ನು ಉಳಿಸಿತು, ಅವನೇ ಭೂತಾಳಪಾಂಡ್ಯನಾದ, ಆಸ್ತಿ ಅಳಿಯನ ಪಾಲಾಯಿತು. ಭಾರತದ ಕಥೆಗಳಲ್ಲಿ ಮಗ ತಂದೆಯನ್ನು ಕೊಲ್ಲುವುದಕ್ಕಿಂತ ಹಿರಿಯನೇ ಕಿರಿಯನನ್ನು ಬಲಿ ಕೇಳುವುದು ಹೆಚ್ಚು ಎಂದು ಎ.ಕೆ. ರಾಮಾನುಜನ್ ಗುರುತಿಸಿದ್ದರು. ನಮ್ಮಲ್ಲಿ ಬಲಿಯ ಹೊತ್ತಿಗೆ ನೆನಪಾದದ್ದೂ ಅಳಿಯ, ಪಾಲಿನ ಹೊತ್ತಿಗೆ ನೆನಪಾದದ್ದೂ ಅಳಿಯ. ಮಾವನ ಮೇಲಿನ ಭಯ-ಭಕ್ತಿಗೆ ಇದಕ್ಕಿಂತ ಒಳ್ಳೆಯ ಚಿತ್ರ ನಾನು ಕಂಡಿಲ್ಲ.

ಇತ್ತ ಕಲ್ಕತ್ತೆಯಲ್ಲಿ ಗಿರೀಂದ್ರಶೇಖರ ಬೋಸ್ 1922ರಲ್ಲೇ ಮನೋವಿಶ್ಲೇಷಣಾ ಸಂಘ ಕಟ್ಟಿ, ಫ್ರಾಯ್ಡ್‌ನೊಂದಿಗೆ ಪತ್ರಗಳಲ್ಲೇ ಭಿನ್ನಾಭಿಪ್ರಾಯ ತೋಡಿಕೊಳ್ಳುತ್ತಿದ್ದರು. ಯುರೋಪಿನಲ್ಲಿ ಎರಡನೇ ಯುದ್ಧದ ನಂತರ ಚರ್ಚೆ ತಾಯಿಯ ಕಡೆ ವಾಲಿತು. ತಾಯಿಯಿಂದ ಅಗಲಿದ ಮಕ್ಕಳ ಬಗ್ಗೆ ಬ್ರಿಟನ್ನಿನ ಮನೋವೈದ್ಯ ಬೌಲ್ಬಿ 1951ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಗೆ ವರದಿ ಕೊಟ್ಟ. ಮಕ್ಕಳ ವೈದ್ಯ ವಿನಿಕಾಟ್ ಮಗು ಅಪ್ಪಿಕೊಂಡು ಮಲಗುವ ಬಟ್ಟೆಯ ತುಂಡಿನ ಬಗ್ಗೆ ಬರೆದ. ಅಜ್ಜಿಯ ಹಳೆ ಸೀರೆಯ ಚೂರನ್ನು ಮೂಗಿಗೆ ಒತ್ತಿಕೊಳ್ಳದೆ ನಿದ್ದೆಹೋಗದ ಮಗು ಯಾವ ಮನೆಯಲ್ಲಿಲ್ಲ? ಅಂತೂ ಸಿದ್ಧಾಂತದಲ್ಲಿ ತಂದೆ ಹಿಂದೆ ಸರಿದ, ತಾಯಿ ಮುಂದೆ ಬಂದಳು. ಮಾವ ಮಾತ್ರ ಬರಲಿಲ್ಲ.

ಊರಿನಲ್ಲಿ ಮಾವ ಹೊರಟದ್ದು ಕಾನೂನಿನ ಬಾಗಿಲಿನಿಂದ. ಒಬ್ಬರು ಹಟ ಹಿಡಿದು ಪಾಲು ಕೇಳುವಂತಿಲ್ಲದ ಅಳಿಯಕಟ್ಟಿನ ಕುಟುಂಬದಲ್ಲಿ ಕವರುಗಳು (ಒಬ್ಬ ಹೆಣ್ಣಿನಿಂದ ಕವಲೊಡೆದ ಶಾಖೆಗಳು) ಪಾಲು ಕೇಳಲು ಮದರಾಸು ಸರ್ಕಾರದ 1949ರ ಅಳಿಯಸಂತಾನ ಕಾಯ್ದೆ ದಾರಿ ಮಾಡಿತು. 1956ರ ಹಿಂದೂ ಉತ್ತರಾಧಿಕಾರ ಕಾಯ್ದೆ ಗಂಡಸಿನ ಪಾಲನ್ನು ಅವನ ಹೆಂಡತಿ ಮಕ್ಕಳಿಗೂ ಕೊಡಿಸಿತು. ಅಪ್ಪ ಆಸ್ತಿ ಬಿಟ್ಟುಹೋಗುವವನಾದ. ಅದರೊಂದಿಗೆ ಬೈಯುವ ಹಕ್ಕೂ ಬಂತು. ವಿಯೆನ್ನಾದ ತ್ರಿಕೋನ ನಮ್ಮಲ್ಲಿ ನಿಜವಾಗತೊಡಗಿದ್ದು ಆಮೇಲೆಯೇ ಎಂದು ನನ್ನ ಗುಮಾನಿ.

ಕಾಪು ಬಳಿಯ ನಮ್ಮ ತಾಯಿಮನೆಯಲ್ಲಿ ನಾವು ಗಲಾಟೆ ಮಾಡಿದರೆ ಅಜ್ಜಿ ಹೇಳುತ್ತಿದ್ದದ್ದು, “ಮಾವ ಬರಲಿ, ಹೇಳುತ್ತೇನೆ.” ಚಾವಡಿಯಲ್ಲಿ ಮಾವನ ಕೆಮ್ಮು ಕೇಳಿಸಿದರೆ ಸಾಕು, ಬಾಯಿ ಮುಚ್ಚುತ್ತಿತ್ತು. ಮುಂಬಯಿಯಿಂದ ವರ್ಷಕ್ಕೊಮ್ಮೆ ಬರುವ ಅಪ್ಪನ ಹೆಗಲೇರಿ ಕೂರುತ್ತಿದ್ದೆವು. ಈಗ ಕದ್ರಿಯ ಫ್ಲ್ಯಾಟಿನಲ್ಲಿ ನನ್ನ ತಂಗಿ ಆರು ವರ್ಷದ ಮಗನಿಗೆ ಹೇಳುವುದು, “ಅಪ್ಪ ಬರಲಿ, ಹೇಳುತ್ತೇನೆ.” ಲಿಫ್ಟಿನ ಬಾಗಿಲು ತೆರೆದ ಸದ್ದಿಗೆ ಹುಡುಗ ಸೋಫಾದಿಂದ ಇಳಿದು ನೆಟ್ಟಗೆ ನಿಲ್ಲುತ್ತಾನೆ. ಒಳಬಂದವನು ನಾನು ಎಂದು ಗೊತ್ತಾದರೆ ಮತ್ತೆ ಸೋಫಾ ಹತ್ತಿ, ಅಲ್ಲಿಂದಲೇ ಬಗ್ಗಿ ನನ್ನ ಚೀಲದ ಜಿಪ್ ಎಳೆಯುತ್ತಾನೆ.